ಬಣ್ಣವೋ, ಕಪ್ಪು–ಬಿಳುಪೋ: ಫ್ಯೂಜಿಫಿಲ್ಮ್ ಎಕ್ಸ್-ಟಿ30 ಕ್ಯಾಮೆರಾದ ‘ಅಕ್ರೋಸ್’ ಜೊತೆ ಮೂರು ವರ್ಷ

ಒಂದು ಫೋಟೊವನ್ನು ಬಣ್ಣದಲ್ಲಿ ಉಳಿಸಿಕೊಳ್ಳಬೇಕೆ, ಕಪ್ಪು–ಬಿಳುಪಿಗೆ ತಿರುಗಿಸಬೇಕೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಕೊಳ್ಳುವುದು ಫೋಟೊ ತೆಗೆದಾದ ಮೇಲೆ, ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತಾಗ. ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿದವನು. ಎಕ್ಸ್-ಟಿ30 ಕ್ಯಾಮೆರಾ ಕೊಂಡು, ಅದರಲ್ಲಿರುವ ‘ಅಕ್ರೋಸ್’ ಎಂಬ ಕಪ್ಪು–ಬಿಳುಪು ವಿಧಾನವನ್ನು ಮೂರು ವರ್ಷ ಬಿಡದೆ ಬಳಸಿದ ಮೇಲೆ, ಆ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದ ಜಾಗ ಬೇರೆ ಎಂಬುದು ನನಗೆ ಖಚಿತವಾಗಿದೆ. ಕ್ಯಾಮೆರಾದ ಆಟೊಫೋಕಸ್, ವಿಡಿಯೊ, ಬ್ಯಾಟರಿ ಇತ್ಯಾದಿಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ನಾನು ಇಲ್ಲಿ ಬರೆಯುತ್ತಿರುವುದು ಈ ಒಂದು ಸೌಲಭ್ಯದ ಬಗ್ಗೆ ಮತ್ತು ಬಣ್ಣ ಯಾವಾಗ ಬೇಕು, ಯಾವಾಗ ಬೇಡ ಎಂದು ತೀರ್ಮಾನಿಸಲು ಅದು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದರ ಬಗ್ಗೆ ಮಾತ್ರ.

ಅಕ್ರೋಸ್ ಎಂಬುದು ಮೂಲತಃ ಇದೇ ಕಂಪನಿ ತಯಾರಿಸುತ್ತಿದ್ದ ನಿಯೋಪಾನ್ 100 ಅಕ್ರೋಸ್ ಎಂಬ ಫಿಲ್ಮಿನ ಹೆಸರು. ಆ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಕಂಪನಿ 2018ರಲ್ಲಿ ಪ್ರಕಟಿಸಿತ್ತು. ಮರುವರ್ಷವೇ ಅದರ ಎರಡನೆಯ ರೂಪವನ್ನು ಮಾರುಕಟ್ಟೆಗೆ ತಂದಿತು. ಡಿಜಿಟಲ್ ಕ್ಯಾಮೆರಾಗಳಲ್ಲಿ ಈ ಹೆಸರಿನ ವಿಧಾನ ಮೊದಲು ಕಾಣಿಸಿಕೊಂಡದ್ದು 2016ರಲ್ಲಿ, ಎಕ್ಸ್-ಪ್ರೊ2 ಮಾದರಿಯಲ್ಲಿ. 2019ರಲ್ಲಿ ಬಂದ ಎಕ್ಸ್-ಟಿ30ರಲ್ಲಿ 26 ಮೆಗಾಪಿಕ್ಸೆಲ್ ಸೆನ್ಸರ್ ಇದೆ. ಬ್ಯಾಟರಿ ಮತ್ತು ಕಾರ್ಡ್ ಸೇರಿ ಕ್ಯಾಮೆರಾದ ತೂಕ 383 ಗ್ರಾಂ. ನಾನು ಇದಕ್ಕೆ 35 ಮಿ.ಮೀ. ಎಫ್/2 ಲೆನ್ಸ್ ಒಂದನ್ನೇ ಹಾಕಿಕೊಂಡು ಓಡಾಡುತ್ತೇನೆ.

ಈ ಸೌಲಭ್ಯದ ನಿಜವಾದ ಬೆಲೆ ಅದು ಕೊಡುವ ಚಿತ್ರದಲ್ಲಿಲ್ಲ, ವ್ಯೂಫೈಂಡರಿನಲ್ಲಿದೆ. ಅಕ್ರೋಸ್ ಆರಿಸಿಕೊಂಡು ಕಣ್ಣಿಟ್ಟರೆ ಎದುರಿನ ಜಗತ್ತೇ ಕಪ್ಪು–ಬಿಳುಪಾಗಿ ಕಾಣುತ್ತದೆ. ಬಣ್ಣಗಳು ಇಲ್ಲವಾದಾಗ ನಮ್ಮ ಕಣ್ಣು ಬೇರೆಯದನ್ನು ಹುಡುಕತೊಡಗುತ್ತದೆ: ಬೆಳಕು ಎಲ್ಲಿಂದ ಬೀಳುತ್ತಿದೆ, ನೆರಳಿನ ಅಂಚು ಎಲ್ಲಿ ಮುಗಿಯುತ್ತಿದೆ, ಮುಂದಿನ ಆಕೃತಿ ಹಿಂದಿನ ಗೋಡೆಯಿಂದ ಬೇರ್ಪಟ್ಟು ನಿಲ್ಲುತ್ತಿದೆಯೇ ಇಲ್ಲವೇ ಎಂಬುದನ್ನು. ಬಣ್ಣದಲ್ಲಿ ನೋಡುವಾಗ ಹಸಿರು ಬಾಗಿಲಿನ ಮುಂದೆ ಕೆಂಪು ಸೀರೆಯುಟ್ಟು ನಿಂತ ಅಜ್ಜಿ ಎದ್ದು ಕಾಣುತ್ತಾಳೆ. ಆ ಕೆಂಪು ಮತ್ತು ಆ ಹಸಿರು ಒಂದೇ ಪ್ರಮಾಣದ ಹೊಳಪಿನವಾಗಿದ್ದರೆ, ಕಪ್ಪು–ಬಿಳುಪಿನಲ್ಲಿ ಅಜ್ಜಿಯ ಸೀರೆ ಮತ್ತು ಬಾಗಿಲು ಒಂದೇ ಬೂದಿಯಾಗಿ ಬೆರೆತುಹೋಗುತ್ತವೆ. ಇದನ್ನು ಮನೆಗೆ ಬಂದ ಮೇಲೆ ಕಂಡುಕೊಂಡರೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಅಲ್ಲೇ ಕಂಡರೆ ಎರಡು ಹೆಜ್ಜೆ ಸರಿದು ಅಜ್ಜಿಯ ಹಿಂದೆ ಸುಣ್ಣದ ಗೋಡೆ ಬರುವಂತೆ ನಿಲ್ಲಬಹುದು, ಅಥವಾ ಇದು ಬಣ್ಣದ ಚಿತ್ರವೇ ಎಂದು ಒಪ್ಪಿಕೊಂಡು ಬಣ್ಣಕ್ಕೆ ಮರಳಬಹುದು.

ಬಣ್ಣವನ್ನು ಬೂದಿಯ ಛಾಯೆಗಳಾಗಿ ಪರಿವರ್ತಿಸುವುದೆಂದರೆ ಬಣ್ಣವನ್ನು ಸುಮ್ಮನೆ ತೆಗೆದುಹಾಕುವುದಲ್ಲ. ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಪಾಲು ಕೊಡಬೇಕೆಂದು ನಿರ್ಧರಿಸುವುದು. ಈಗಿನ ಟಿ.ವಿ. ಮತ್ತು ಕಂಪ್ಯೂಟರ್ ಪರದೆಗಳ ಮಾನದಂಡದಲ್ಲಿ ನಮ್ಮ ಕಣ್ಣಿಗೆ ತೋರುವ ಹೊಳಪಿಗೆ ಹಸಿರಿನ ಪಾಲು ನೂರಕ್ಕೆ ಸುಮಾರು 72, ಕೆಂಪಿನದು 21, ನೀಲಿಯದು ಕೇವಲ 7. ಹಿಂದಿನವರು ಲೆನ್ಸಿನ ಮುಂದೆ ಬಣ್ಣದ ಗಾಜನ್ನು ತಿರುಗಿಸಿ ಹಾಕಿ ಈ ಪಾಲನ್ನು ಬದಲಿಸುತ್ತಿದ್ದರು. ಎಕ್ಸ್-ಟಿ30ರಲ್ಲಿ ಸಾದಾ ಅಕ್ರೋಸ್ ಅಲ್ಲದೆ ಹಳದಿ, ಕೆಂಪು ಮತ್ತು ಹಸಿರು ಫಿಲ್ಟರ್ ಹಾಕಿದಂತೆ ವರ್ತಿಸುವ ಮೂರು ಬಗೆಗಳಿವೆ. ಯಾವ ಬಣ್ಣದ ಫಿಲ್ಟರ್ ಇದೆಯೋ ಆ ಬಣ್ಣದ ವಸ್ತು ಬಿಳಿಯ ಕಡೆಗೆ, ಅದಕ್ಕೆ ಎದುರಾದ ಬಣ್ಣದ ವಸ್ತು ಕಪ್ಪಿನ ಕಡೆಗೆ ಹೋಗುತ್ತದೆ ಎಂಬುದೇ ಸೂತ್ರ.

ಇದನ್ನು ಕಲಿಯಲು ಬಾದಾಮಿಗಿಂತ ಒಳ್ಳೆಯ ಶಾಲೆ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಅಲ್ಲಿ ಕೆಂಪು ಮರಳುಗಲ್ಲಿನ ಬಂಡೆಯಿದೆ, ಅದರ ಮೇಲೆ ನೀಲಿ ಆಕಾಶವಿದೆ, ಕೆಳಗೆ ಹಸಿರು ಛಾಯೆಯ ಅಗಸ್ತ್ಯ ತೀರ್ಥವಿದೆ. ಎರಡನೆಯ ಗುಹೆಯಿಂದ ಮೂರನೆಯದಕ್ಕೆ ಹತ್ತುವ ದಾರಿಯಲ್ಲಿ ನಿಂತು ಕೆಂಪು ಫಿಲ್ಟರಿನ ಅಕ್ರೋಸ್ ಹಾಕಿದರೆ ಬಂಡೆ ಬೆಳ್ಳಗೆ ಹೊಳೆದು ಆಕಾಶ ಮಳೆಗಾಲದ ಇಳಿಹೊತ್ತಿನಂತೆ ಕಪ್ಪಿಡುತ್ತದೆ. ಅಲ್ಲಿಂದ ಕದಲದೆ ಹಸಿರು ಫಿಲ್ಟರಿಗೆ ಬದಲಿಸಿದರೆ ಬಂಡೆ ಭಾರವಾಗಿ ಕಪ್ಪಾಗುತ್ತದೆ, ಗಿಡಮರಗಳು ತಿಳಿಯಾಗುತ್ತವೆ. ಒಂದೇ ಜಾಗ, ಒಂದೇ ಬೆಳಕು, ಎರಡು ಬೇರೆ ಬೇರೆ ಊರುಗಳು. ಎರಡೂ ಚೆಲುವಾಗಿವೆ ಎಂಬುದನ್ನು ಅಲ್ಲಗಳೆಯಲಾರೆ. ಆದರೂ ಬಾದಾಮಿಯಿಂದ ನಾನು ಪ್ರಿಂಟ್ ಹಾಕಿಸಿದ ಚಿತ್ರಗಳಲ್ಲಿ ಹೆಚ್ಚಿನವು ಬಣ್ಣದವೇ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಸಂಜೆಯ ಬೆಳಕು ಹಾಸುಗಲ್ಲಿಗೆ ತಾಗಿ ಚಾವಣಿಯವರೆಗೆ ಕೆಂಪಾಗಿ ಪುಟಿಯುವುದನ್ನು ಒಮ್ಮೆ ನೋಡಿದವರಿಗೆ, ಆ ಕೆಂಪಿಲ್ಲದ ಬಾದಾಮಿ ಬೇರೆ ಯಾವುದೋ ಊರಿನ ಗುಹೆಯಂತೆ ತೋರುತ್ತದೆ.

ಬಣ್ಣ ಬೇಕಾದ ಕಡೆ ಕಪ್ಪು–ಬಿಳುಪಿಗೆ ಹೋಗಿ ನಾನು ದೊಡ್ಡ ತಪ್ಪು ಮಾಡಿದ್ದು ಬ್ಯಾಡಗಿಯಲ್ಲಿ. ಒಂದು ಫೆಬ್ರುವರಿಯ ಬೆಳಿಗ್ಗೆ ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯ ಅಂಗಳದಲ್ಲಿ, ಆಗಿನ್ನೂ ಹೊಸದಾಗಿದ್ದ ಅಕ್ರೋಸಿನ ಹುಮ್ಮಸ್ಸಿನಲ್ಲಿ, ಎರಡು ಗಂಟೆಗಳ ಕಾಲ ಎಲ್ಲವನ್ನೂ ಕಪ್ಪು–ಬಿಳುಪಿನಲ್ಲಿಯೇ ತೆಗೆದೆ. ರಾಶಿಗಳು ಬೂದಿಗುಡ್ಡೆಗಳಂತೆ ಬಂದವು. ಕೆಂಪು ಫಿಲ್ಟರ್ ಹಾಕಿದ್ದ ಚಿತ್ರಗಳಲ್ಲಂತೂ ಮೆಣಸಿನಕಾಯಿ ಒಣಗಿದ ಹುಣಸೆಹೂವಿನಂತೆ ಬಿಳಿಚಿಕೊಂಡಿತ್ತು. ಬ್ಯಾಡಗಿ ಮೆಣಸಿನಕಾಯಿಯ ಹೆಸರು ನಿಂತಿರುವುದೇ ಅದರ ಬಣ್ಣದ ಮೇಲೆ. ಖಾರ ಕಡಿಮೆ, ಕೆಂಪು ಗಾಢ. ಅದರಿಂದ ತೆಗೆದ ಬಣ್ಣದ ಸಾರ ಆಹಾರ ಪದಾರ್ಥಗಳಿಗೂ ಸೌಂದರ್ಯ ಸಾಧನಗಳಿಗೂ ಹೋಗುತ್ತದೆ. ಖರೀದಿದಾರರು ಕಾಯನ್ನು ಮುರಿದು, ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡುವುದು ಆ ಕೆಂಪನ್ನೇ. ರೈತನ ವರ್ಷದ ದುಡಿಮೆಗೆ ಬೆಲೆ ಕಟ್ಟುವ ಆ ಬಣ್ಣವನ್ನೇ ಚಿತ್ರದಿಂದ ಅಳಿಸಿದ ಮೇಲೆ ಅಲ್ಲಿ ಏನು ನಡೆಯುತ್ತಿದೆ ಎಂಬುದು ನೋಡುವವರಿಗೆ ತಿಳಿಯುವುದಾದರೂ ಹೇಗೆ?

ಪುಣ್ಯಕ್ಕೆ ಕ್ಯಾಮೆರಾದಲ್ಲಿ ಜೆಪೆಗ್ ಜೊತೆಗೆ ರಾ ಫೈಲೂ ಉಳಿಯುವಂತೆ ಹೊಂದಿಸಿಕೊಂಡಿದ್ದೆ. ಅಕ್ರೋಸ್ ವಿಧಾನದಲ್ಲಿ ತೆಗೆದ ಜೆಪೆಗ್ ಫೈಲಿನಲ್ಲಿ ಬಣ್ಣದ ಸುಳಿವೂ ಇರುವುದಿಲ್ಲ, ಅದನ್ನು ಮತ್ತೆ ಬಣ್ಣಕ್ಕೆ ತರಲಾಗದು. ರಾ ಫೈಲಿನಲ್ಲಿ ಮಾತ್ರ ಸೆನ್ಸರ್ ಕಂಡ ಎಲ್ಲ ಬಣ್ಣವೂ ಹಾಗೆಯೇ ಇರುತ್ತದೆ. ಈ ಕ್ಯಾಮೆರಾ ಕೊಳ್ಳುವವರು ಮೊದಲ ದಿನವೇ ಮಾಡಬೇಕಾದ ಕೆಲಸ ಈ ಹೊಂದಾಣಿಕೆ. ಸೆರೆಹಿಡಿದ ರಾ ಫೈಲನ್ನು ಕ್ಯಾಮೆರಾದೊಳಗೇ ಬೇರೆ ಬೇರೆ ವಿಧಾನಗಳಿಗೆ ಬದಲಿಸಿ ನೋಡುವ ಅನುಕೂಲವೂ ಇದೆ. ಬ್ಯಾಡಗಿಯ ಚಿತ್ರಗಳನ್ನು ಹಾಗೆ ಬಣ್ಣಕ್ಕೆ ತಂದೆ. ಆದರೆ ಅವು ಪೂರ್ತಿ ಸರಿಹೋಗಲಿಲ್ಲ, ಏಕೆಂದರೆ ನಾನು ನಿಂತದ್ದು, ಚೌಕಟ್ಟು ಹಾಕಿದ್ದು ಎಲ್ಲವೂ ನೆರಳಿನ ಲೆಕ್ಕದಲ್ಲಿ. ಬಣ್ಣಕ್ಕೆ ತಂದಾಗ ಮೂಲೆಯಲ್ಲೊಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು, ಇನ್ನೊಂದು ಮೂಲೆಯಲ್ಲಿ ಹಳದಿ ಟಾರ್ಪಾಲು ಕಣ್ಣಿಗೆ ರಾಚಿದವು. ಮೊದಲಿನಿಂದಲೇ ಬಣ್ಣದಲ್ಲಿ ನೋಡಿದ್ದರೆ ಅವನ್ನು ಚೌಕಟ್ಟಿನೊಳಗೆ ಸೇರಿಸುತ್ತಲೇ ಇರಲಿಲ್ಲ.

ಅದೇ ಬೆಳಿಗ್ಗೆಯ ಒಂದು ಚಿತ್ರ ಮಾತ್ರ ಕಪ್ಪು–ಬಿಳುಪಿನಲ್ಲಿಯೇ ಉಳಿದಿದೆ. ಚೀಲ ಹೊತ್ತು ದಣಿದ ಹಮಾಲರೊಬ್ಬರು ಗೋದಾಮಿನ ಬಾಗಿಲಲ್ಲಿ ಕುಳಿತು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಪಕ್ಕದಿಂದ ಬಿದ್ದ ಬೆಳಕು ಹಣೆಯ ಗೆರೆಗಳನ್ನೂ ಕತ್ತಿನ ನರಗಳನ್ನೂ ಒಂದೊಂದಾಗಿ ಎತ್ತಿ ತೋರಿಸಿತ್ತು. ಇದಕ್ಕೆ ಬಳಸಿದ್ದು ಹಸಿರು ಫಿಲ್ಟರಿನ ಅಕ್ರೋಸ್. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೆಂಪು ಫಿಲ್ಟರ್ ಚರ್ಮವನ್ನು ಬಿಳಿಯಾಗಿಸುತ್ತದೆ, ಕಲೆ–ಗೆರೆಗಳನ್ನು ಮರೆಸುತ್ತದೆ. ಹಸಿರು ಫಿಲ್ಟರ್ ಚರ್ಮದ ಛಾಯೆಗಳನ್ನು ಬಿಡಿಸಿ ತೋರಿಸುತ್ತದೆ. ಮುಖಚಿತ್ರಕ್ಕೆ ಹಸಿರನ್ನೇ ಬಳಸುವಂತೆ ಕ್ಯಾಮೆರಾದ ಕೈಪಿಡಿಯೂ ಸೂಚಿಸುತ್ತದೆ. ನಮ್ಮ ಜನರ ಕಂದು ಮೈಬಣ್ಣವನ್ನು ಬೆಳ್ಳಗೆ ಮಾಡಿ ಕೊಡುವುದು ಸ್ಟುಡಿಯೊಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ; ಕಪ್ಪು–ಬಿಳುಪಿನ ಹೆಸರಿನಲ್ಲಿ ಅದನ್ನು ಮುಂದುವರಿಸುವುದನ್ನು ನಾನು ಒಪ್ಪುವುದಿಲ್ಲ.

ಕಪ್ಪು–ಬಿಳುಪು ಯಾವ ಅನುಮಾನವೂ ಇಲ್ಲದೆ ಗೆಲ್ಲುವ ಜಾಗ ಸೋಮನಾಥಪುರ. ಹೊಯ್ಸಳರ ಈ ಹದಿಮೂರನೆಯ ಶತಮಾನದ ಕೇಶವ ದೇವಾಲಯ, ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳ ಜೊತೆ, 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿನದು ಬಳಪದ ಕಲ್ಲು. ಸ್ವಭಾವತಃ ಬೂದು–ಹಸಿರು, ಅದರಲ್ಲಿ ಹೇಳಿಕೊಳ್ಳುವಂಥ ಬಣ್ಣವೇ ಇಲ್ಲ. ಶಿಲ್ಪಿ ಇಲ್ಲಿ ಬರೆದಿರುವುದು ನೆರಳಿನಲ್ಲಿ. ಡಿಸೆಂಬರಿನಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಬಿಸಿಲು ಇನ್ನೂ ಓರೆಯಾಗಿರುತ್ತದೆ, ಜಗತಿಯ ಮೇಲಿನ ಆನೆಗಳ ಸಾಲು, ಅದರ ಮೇಲಿನ ಕುದುರೆ ಸವಾರರು, ಬಳ್ಳಿಯ ಸುರುಳಿಗಳು ಒಂದೊಂದೂ ತನ್ನ ನೆರಳನ್ನು ತಾನೇ ಹೊತ್ತು ನಿಂತಿರುತ್ತವೆ. ಬಣ್ಣದಲ್ಲಿ ತೆಗೆದಾಗ ಸುತ್ತಲಿನ ಹುಲ್ಲುಹಾಸಿನ ಹಸಿರು ಮತ್ತು ಪ್ರವಾಸಿಗರ ಬಟ್ಟೆಗಳು ಕಣ್ಣನ್ನು ಎಳೆದುಕೊಂಡು ಹೋಗುತ್ತವೆ. ದೂರದಲ್ಲಿ ಹಾದುಹೋದ ಒಂದು ಕಿತ್ತಳೆ ಅಂಗಿ ಸಾಕು, ಎಂಟುನೂರು ವರ್ಷಗಳ ಕೆತ್ತನೆ ಹಿಂದೆ ಸರಿಯುತ್ತದೆ. ಅಕ್ರೋಸಿನಲ್ಲಿ ಆ ಗೊಂದಲವಿಲ್ಲ. ಸಾದಾ ಅಕ್ರೋಸ್ ಇಟ್ಟು, ನೆರಳಿನ ಹೊಂದಾಣಿಕೆಯನ್ನು ಒಂದು ಹಂತ ಏರಿಸಿದರೆ ಆನೆಯ ಸೊಂಡಿಲಿನ ಮಡಿಕೆಗಳು ಬೆರಳಿಗೆ ಸಿಗುವಂತೆ ಮೂಡುತ್ತವೆ. ಇದೇ ಕ್ಯಾಮೆರಾದಲ್ಲಿರುವ ‘ಮೊನೊಕ್ರೋಮ್’ ಎಂಬ ಇನ್ನೊಂದು ಕಪ್ಪು–ಬಿಳುಪು ವಿಧಾನವನ್ನೂ ಅದೇ ಗೋಡೆಯ ಮುಂದೆ ಹೋಲಿಸಿ ನೋಡಿದ್ದೇನೆ. ಅದರಲ್ಲಿ ಚಿತ್ರ ಸಪ್ಪೆಯಾಗಿ ಬರುತ್ತದೆ. ತಿಳಿ ಭಾಗದ ಸೂಕ್ಷ್ಮ ಕೆತ್ತನೆ ಅಕ್ರೋಸಿನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಈ ಎರಡು ತುದಿಗಳ ನಡುವೆ ಯಕ್ಷಗಾನದ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ, ಇದೆ. ಅಲ್ಲಿ ನಾನು ಇನ್ನೂ ಕಲಿಯುತ್ತಲೇ ಇದ್ದೇನೆ.

ಚೌಕಿಯ ಬೆಳಕು ಛಾಯಾಗ್ರಾಹಕನಿಗೆ ದೊಡ್ಡ ಸಮಸ್ಯೆ. ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಟ್ಯೂಬ್‌ಲೈಟು, ಹೊರಗಿನಿಂದ ರಂಗಸ್ಥಳದ ಎಲ್‌ಇಡಿ. ಬಣ್ಣದಲ್ಲಿ ತೆಗೆದರೆ ಕಲಾವಿದನ ಒಂದು ಕೆನ್ನೆ ಅರಿಸಿನ, ಇನ್ನೊಂದು ಕೆನ್ನೆ ಹಸಿರು; ವೈಟ್ ಬ್ಯಾಲೆನ್ಸ್ ಎಷ್ಟು ತಿದ್ದಿದರೂ ಒಂದು ಸರಿಯಾದಾಗ ಇನ್ನೊಂದು ಕೆಡುತ್ತದೆ. ಕಪ್ಪು–ಬಿಳುಪಿಗೆ ಬಂದರೆ ಈ ಜಗಳವೇ ಮುಗಿಯುತ್ತದೆ. ಗೆಜ್ಜೆ ಕಟ್ಟಿಕೊಳ್ಳುವ ಕೈಗಳು, ಬೆನ್ನ ಹಿಂದೆ ನಿಂತು ದಾರ ಬಿಗಿಯುವ ಸಹಾಯಕ, ಕನ್ನಡಿಯ ಮುಂದೆ ಮೌನವಾಗಿ ಕುಳಿತ ಹಿರಿಯ ವೇಷಧಾರಿ ಇವರೆಲ್ಲರನ್ನೂ ಅಕ್ರೋಸ್ ಬಹಳ ಘನವಾಗಿ ಹಿಡಿದುಕೊಡುತ್ತದೆ. ಬೆಳಕು ಕಡಿಮೆಯಾದ್ದರಿಂದ, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬುದರ ಅಳತೆಯಾದ ಐಎಸ್‌ಒ 6400ರವರೆಗೆ ಏರಿಸಬೇಕಾಗುತ್ತದೆ. ಐಎಸ್‌ಒ ಏರಿದಂತೆ ಅಕ್ರೋಸ್ ತಾನಾಗಿಯೇ ಗ್ರೇನ್ (ಫಿಲ್ಮಿನಲ್ಲಿ ಕಾಣುವಂಥ ಕಣಗಳು) ಹೆಚ್ಚಿಸುತ್ತದೆ. ಬಣ್ಣದಲ್ಲಿ ಕೊಳೆಯಂತೆ ಕಾಣುವ ನಾಯ್ಸ್ ಇಲ್ಲಿ ಫಿಲ್ಮಿನ ಮರಳಿನಂತೆ ಕಾಣುತ್ತದೆ.

ಆದರೆ ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಕ್ಕೆ ಇರುವ ಹೆಸರೇ ‘ಬಣ್ಣದ ವೇಷ’. ಮುಖದ ಮೇಲೆ ಕೆಂಪು, ಕಪ್ಪು, ಬಿಳಿ, ಅವುಗಳ ಅಂಚಿಗೆ ಗಂಟೆಗಟ್ಟಲೆ ಕುಳಿತು ಇಟ್ಟುಕೊಂಡ ಚುಟ್ಟಿ, ಅಂದರೆ ಅಕ್ಕಿಹಿಟ್ಟಿನ ಬಿಳಿಯ ಉಬ್ಬು ಚುಕ್ಕೆಗಳು. ಆ ಪಾತ್ರ ಯಾರು, ಎಂಥದು ಎಂಬುದನ್ನು ಬಾಯಿ ತೆರೆಯುವ ಮೊದಲೇ ಬಣ್ಣ ಹೇಳಿರುತ್ತದೆ. ಹಸಿರು ಫಿಲ್ಟರ್ ಹಾಕಿದರೆ ಕೆಂಪು ಕಪ್ಪಿನೊಳಗೆ ಮುಳುಗುತ್ತದೆ, ಚುಟ್ಟಿಯೊಂದೇ ತೇಲುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಕೆಂಪು ಬಿಳಿಚಿ ಚುಟ್ಟಿಯೊಳಗೆ ಕರಗುತ್ತದೆ. ಯಾವುದೂ ಆ ಮುಖವಲ್ಲ. ಹೀಗೆ ತೆಗೆದ ಒಂದು ಪ್ರಿಂಟನ್ನು ಆ ಕಲಾವಿದರಿಗೇ ಕೊಟ್ಟಾಗ ಅವರು ಬಹಳ ಹೊತ್ತು ನೋಡಿ, “ಮಾಷ್ಟ್ರೇ, ಅವತ್ತು ನಾನು ಕೆಂಪು ಹಾಕಿದ್ದಲ್ವಾ? ಇದ್ರಲ್ಲಿ ಅದು ಎಲ್ಲಿ?” ಎಂದು ಕೇಳಿದರು. ಆಕ್ಷೇಪವಿರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದರು. ಅಂದಿನಿಂದ ಬಣ್ಣದ ಡಬ್ಬಿ ತೆರೆಯುವವರೆಗೆ ಅಕ್ರೋಸ್, ಮೊದಲ ಬೊಟ್ಟು ಮುಖಕ್ಕೆ ಬಿದ್ದ ಕ್ಷಣದಿಂದ ಬಣ್ಣ ಎಂದು ನಡೆದುಕೊಂಡು ಬಂದಿದ್ದೇನೆ. ಕ್ಯಾಮೆರಾದಲ್ಲಿ ಏಳು ಬಗೆಯ ಹೊಂದಾಣಿಕೆಗಳನ್ನು ಮೊದಲೇ ಉಳಿಸಿಟ್ಟುಕೊಳ್ಳಬಹುದಾದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ಕೆಲವೇ ಕ್ಷಣ ಸಾಕು. ಕೆನ್ನೆಯ ಹಸಿರು–ಅರಿಸಿನದ ತೊಂದರೆ ಹಾಗೆಯೇ ಇದೆ. ಆದ್ದರಿಂದ ಬಣ್ಣದಲ್ಲಿ ತೆಗೆಯುವಾಗ ಒಂದೇ ದೀಪದ ಬೆಳಕು ಬೀಳುವ ಕಡೆಯನ್ನು ಹುಡುಕಿ ಕಾಯುತ್ತೇನೆ.

ಬೆಳಕಿನ ತೊಂದರೆಯಿಂದ ತಪ್ಪಿಸಿಕೊಳ್ಳಲು ಕಪ್ಪು–ಬಿಳುಪಿಗೆ ಹೋಗುವುದು ತಪ್ಪಲ್ಲ. ತಪ್ಪಾಗುವುದು ಸಪ್ಪೆ ಚಿತ್ರಕ್ಕೆ ಗಾಂಭೀರ್ಯ ತುಂಬಲು ಅಲ್ಲಿಗೆ ಹೋದಾಗ. ಮದುವೆ ಆಲ್ಬಮ್ಮುಗಳಲ್ಲಿ, ಬೀದಿಬದಿಯ ಮುದುಕರ ಚಿತ್ರಗಳಲ್ಲಿ ಇದನ್ನು ದಿನವೂ ಕಾಣುತ್ತೇವೆ: ಬೆಳಕಿಲ್ಲದ, ವಿನ್ಯಾಸವಿಲ್ಲದ ಫೋಟೊ, ಕಪ್ಪು–ಬಿಳುಪು ಮಾಡಿದ್ದರಿಂದ ಮಾತ್ರ ‘ಕಲಾತ್ಮಕ’. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಅವರು ಜನಸಾಮಾನ್ಯರ ಬದುಕನ್ನು ಕಪ್ಪು–ಬಿಳುಪಿನಲ್ಲಿ ಹಿಡಿದಿಟ್ಟ ಚಿತ್ರಗಳನ್ನು ನೋಡಿ. ಅವುಗಳಿಗೆ ಬಣ್ಣ ಬೇಕೆಂದು ಒಮ್ಮೆಯೂ ಅನ್ನಿಸುವುದಿಲ್ಲ, ಏಕೆಂದರೆ ಮುಖ, ಕೈ, ಬೆಳಕು, ಅಂತರ ಎಲ್ಲವೂ ಅಲ್ಲಿ ತಮ್ಮ ಕೆಲಸ ಮಾಡಿ ಮುಗಿಸಿವೆ. ಇನ್ನೊಂದು ಕಡೆ ರಘುಬೀರ್ ಸಿಂಗ್ (1942–1999) ಭಾರತವನ್ನು ಬಣ್ಣದಲ್ಲಿಯೇ ನೋಡಬೇಕೆಂಬ ನಿಲುವಿಗೆ ಕೊನೆಯವರೆಗೂ ಅಂಟಿಕೊಂಡರು. ಅವರ ಚಿತ್ರಗಳಿಂದ ಬಣ್ಣ ತೆಗೆದರೆ ಚೌಕಟ್ಟೇ ಕುಸಿಯುತ್ತದೆ. ಇಬ್ಬರೂ ಶಟರ್ ಒತ್ತುವ ಮೊದಲೇ ತೀರ್ಮಾನ ಮಾಡಿದ್ದವರು. ಅವರಿಗೆ ಫಿಲ್ಮ್ ಅದನ್ನು ಕಡ್ಡಾಯ ಮಾಡಿತ್ತು, ನಮಗೆ ಈ ವ್ಯೂಫೈಂಡರ್ ಅದನ್ನು ನೆನಪಿಸುತ್ತದೆ.

ಕೊರತೆಗಳಿಗೆ ಬರುತ್ತೇನೆ. ಫಿಲ್ಟರುಗಳು ಮೂರೇ, ಅವುಗಳ ತೀವ್ರತೆಯನ್ನು ಹೆಚ್ಚು ಕಡಿಮೆ ಮಾಡುವಂತಿಲ್ಲ. ಕೆಂಪು ಫಿಲ್ಟರ್ ಹಲವು ಬಾರಿ ಅತಿಯಾಗುತ್ತದೆ, ಹಳದಿ ಸಾಲದಾಗುತ್ತದೆ, ನಡುವಿನ ಕಿತ್ತಳೆ ಇಲ್ಲ. ಕಂಪ್ಯೂಟರಿನಲ್ಲಿ ರಾ ಫೈಲಿನಿಂದ ಮಾಡಿದರೆ ಒಂದೊಂದು ಬಣ್ಣದ ಪಾಲನ್ನೂ ಬೇಕಾದಂತೆ ಹೊಂದಿಸಬಹುದು. ಫೋಟೊ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿನಲ್ಲಿ ಅಕ್ರೋಸ್ ಪ್ರೊಫೈಲ್ ಸಿಗುತ್ತದೆ, ಆದರೆ ಕ್ಯಾಮೆರಾ ಸೇರಿಸುವ ಗ್ರೇನ್ ಅದರಲ್ಲಿ ಬರುವುದಿಲ್ಲ. ಅದು ಬೇಕಿದ್ದವರು ಕ್ಯಾಮೆರಾವನ್ನೇ ಕಂಪ್ಯೂಟರಿಗೆ ಜೋಡಿಸಿ ಕಂಪನಿಯ ಎಕ್ಸ್ ರಾ ಸ್ಟುಡಿಯೊ ತಂತ್ರಾಂಶದಲ್ಲಿ ಪರಿವರ್ತಿಸಿಕೊಳ್ಳಬೇಕು. ಕಪ್ಪು–ಬಿಳುಪಿಗೆಂದೇ ತಯಾರಾದ, ಬಣ್ಣದ ಜಾಲರಿಯೇ ಇಲ್ಲದ ಸೆನ್ಸರಿನ ಕ್ಯಾಮೆರಾಗಳೂ ಇವೆ; 2012ರಲ್ಲಿ ಲೈಕಾ ಅಂಥದೊಂದನ್ನು ತಂದಿತು, 2023ರಲ್ಲಿ ಪೆಂಟಾಕ್ಸ್ ಕೂಡ. ಅವುಗಳಲ್ಲಿ ಸೂಕ್ಷ್ಮ ವಿವರ ಹೆಚ್ಚು, ಕತ್ತಲೆಯಲ್ಲಿ ನಾಯ್ಸ್ ಕಡಿಮೆ. ಆದರೆ ಬ್ಯಾಡಗಿಯಲ್ಲಿ ನನ್ನ ಕೈಯಲ್ಲಿ ಅಂಥ ಕ್ಯಾಮೆರಾ ಇದ್ದಿದ್ದರೆ ತಪ್ಪನ್ನು ತಿದ್ದಿಕೊಳ್ಳುವ ದಾರಿಯೇ ಇರುತ್ತಿರಲಿಲ್ಲ.

ಪ್ರಿಂಟ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಸೋಮನಾಥಪುರದ ನಾಲ್ಕು ಚಿತ್ರಗಳನ್ನು 12×18 ಇಂಚಿನ ಅಳತೆಗೆ ಒಂದು ಕಲರ್ ಲ್ಯಾಬಿನಲ್ಲಿ ಹಾಕಿಸಿದಾಗ ನಾಲ್ಕೂ ತಿಳಿ ಹಸಿರು ಬಡಿದುಕೊಂಡು ಬಂದವು. ಕಲರ್ ಪೇಪರಿನಲ್ಲಿ ಕಪ್ಪು ಎಂಬುದು ಮೂರು ಬಣ್ಣಗಳು ಕೂಡಿ ಆಗುವಂಥದು. ಯಂತ್ರದ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಬೂದಿಯ ಛಾಯೆಗೆ ಹಸಿರೋ ಗುಲಾಬಿಯೋ ಅಂಟಿಕೊಳ್ಳುತ್ತದೆ. ಬಣ್ಣದ ಚಿತ್ರದಲ್ಲಿ ಯಾರೂ ಗಮನಿಸದ ಈ ದೋಷ ಕಪ್ಪು–ಬಿಳುಪಿನಲ್ಲಿ ತಕ್ಷಣ ಕಾಣುತ್ತದೆ. ಆಮೇಲೆ ಹಲವು ಬೂದಿ ಛಾಯೆಗಳ ಪಿಗ್ಮೆಂಟ್ ಇಂಕ್ ಬಳಸುವ ಇನ್ನೊಂದು ಕಡೆ, ಹೊಳಪಿಲ್ಲದ ಹತ್ತಿ ಕಾಗದದ ಮೇಲೆ ಹಾಕಿಸಿದೆ. ಖರ್ಚು ಹೆಚ್ಚಾಯಿತು, ಕಲ್ಲು ಕಲ್ಲಿನಂತೆ ಬಂತು. ನಮ್ಮ ಮನೆಯಲ್ಲಿ 1958ರಲ್ಲಿ ಸ್ಟುಡಿಯೊದಲ್ಲಿ ತೆಗೆಸಿದ ಅಜ್ಜನ ಕಪ್ಪು–ಬಿಳುಪು ಫೋಟೊ ಈಗಲೂ ಹಾಗೆಯೇ ಇದೆ. 1986ರ ಚಿಕ್ಕಮ್ಮನ ಮದುವೆಯ ಕಲರ್ ಆಲ್ಬಮ್ಮು ಬಣ್ಣ ಕಳೆದುಕೊಂಡು ಪೂರ್ತಿ ಕೆಂಪಡರಿದೆ. ಒಂದರಲ್ಲಿ ಚಿತ್ರವನ್ನು ಹಿಡಿದಿರುವುದು ಬೆಳ್ಳಿಯ ಕಣ, ಇನ್ನೊಂದರಲ್ಲಿ ಡೈ ಎಂಬ ಬಣ್ಣದ ರಾಸಾಯನಿಕ. ಈಗಿನ ಪಿಗ್ಮೆಂಟ್ ಪ್ರಿಂಟುಗಳ ಬಾಳಿಕೆ ಆ ಕಾಲದ ಕಲರ್ ಪ್ರಿಂಟುಗಳಿಗಿಂತ ಎಷ್ಟೋ ಮೇಲು. ಆದ್ದರಿಂದ ಚಿಕ್ಕಮ್ಮನ ಸೀರೆಯ ಬಣ್ಣ ಮುಂದಿನ ತಲೆಮಾರಿಗೂ ಗೊತ್ತಿರಬೇಕೆಂದು ಆಲ್ಬಮ್ಮನ್ನು ಸ್ಕ್ಯಾನ್ ಮಾಡಿ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದಂತೆ ಆ ಕೆಂಪನ್ನು ತಿದ್ದುತ್ತಿದ್ದೇನೆ.

ಕೊಳ್ಳಲು ಯೋಚಿಸುತ್ತಿರುವವರಿಗೆ: 2021ರಲ್ಲಿ ಎಕ್ಸ್-ಟಿ30ರ ಎರಡನೆಯ ಆವೃತ್ತಿ ಬಂದಿದೆ, ಅದರಲ್ಲಿಯೂ ಅಕ್ರೋಸ್ ಇದೆ. ಹಳೆಯದು ಸೆಕೆಂಡ್ ಹ್ಯಾಂಡ್ ಸಿಕ್ಕರೆ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಇದೇ ಕಂಪನಿಯ ಎಕ್ಸ್-ಟಿ100, ಎಕ್ಸ್-ಟಿ200 ಮಾದರಿಗಳಲ್ಲಿ ಅಕ್ರೋಸ್ ಇಲ್ಲ, ಸಾದಾ ಮೊನೊಕ್ರೋಮ್ ಮಾತ್ರ ಇದೆ. ಹೊರನೋಟಕ್ಕೆ ಇವುಗಳ ನಡುವೆ ವ್ಯತ್ಯಾಸ ಹೆಚ್ಚು ಕಾಣುವುದಿಲ್ಲವಾದ್ದರಿಂದ ಹಣ ಕೊಡುವ ಮೊದಲು ಮೆನುವಿನಲ್ಲಿ ಆ ಹೆಸರು ಇದೆಯೇ ಎಂದು ತೆರೆದು ನೋಡಿ. ಅಂಗಡಿಯಲ್ಲಿ ನಿಂತಿರುವಾಗಲೇ ಅದನ್ನು ಆರಿಸಿ ವ್ಯೂಫೈಂಡರಿಗೆ ಕಣ್ಣಿಟ್ಟು, ರಸ್ತೆಯ ಕಡೆಗೆ ಎರಡು ನಿಮಿಷ ತಿರುಗಿಸಿ.